ಕಿಟಕಿಯಾಚೆಯ ಟೈಲರಕ್ಕ

ಒದ್ದೆ ಹತ್ತಿಬಟ್ಟೆಯ ಮೇಲೆ ಕಾದ ಇಸ್ತ್ರಿಪೆಟ್ಟಿಗೆ ಇಟ್ಟಾಗ ಏಳುವ ವಾಸನೆ... ಮೊನ್ನೆ ಹಳೇ ರವಿಕೆಯೊಂದಕ್ಕೆ ಇಸ್ತ್ರಿ ಹಾಕುತ್ತಿದ್ದೆ. ಶೀತದಿಂದ ಅರ್ಧ ಕಟ್ಟಿದ್ದ ಮೂಗಿಗೂ ಅದು ತಾಗಿತು. ತಲ್ಲೂರಿನಲ್ಲಿ ನಮ್ಮ ಪಕ್ಕದ ಮನೆಯಲ್ಲಿದ್ದ ಟೈಲರಕ್ಕನ ನೆನಪಾಯಿತು. ಆ ರವಿಕೆ ಅವಳೇ ಹೊಲಿದದ್ದು.

ಅವಳಿಗಿದ್ದದ್ದು ತನ್ನ ಮೈಯೇ ತನ್ನ ಮೇಲೆ ತಿರುಗಿಬೀಳುವ ಕಾಯಿಲೆ. ಪೂರ್ತಿ ಗುಣವಾಗುವಂಥದ್ದಲ್ಲ. ಅದನ್ನು ಹದ್ದುಬಸ್ತಿನಲ್ಲಿಡುವ ಮಾತ್ರೆಗಳು ಬೇರೆ ರೋಗ ತಡೆಯುವ ಶಕ್ತಿಯನ್ನೂ ಕುಗ್ಗಿಸಿದ್ದವು. ಹಾಗಾಗಿ ಬಟ್ಟೆ ಕೊಡುವುದು, ತೆಗೆದುಕೊಳ್ಳುವುದು ಎಲ್ಲ ಕಿಟಕಿಯಲ್ಲೇ. ಟೇಪು ಹಿಡಿದು ಅಳೆಯುವಂತಿಲ್ಲ. ಅಳತೆಯ ರವಿಕೆ ಕೊಡಬೇಕು. ಬಂದ ಬಟ್ಟೆಗೆ ಮೊದಲು ನೀರು ಚಿಮುಕಿಸಿ ಇಸ್ತ್ರಿ, ಆಮೇಲೆ ಕತ್ತರಿ. ಅದಕ್ಕೂ ಮೊದಲು ಒಂದು ಪ್ರಶ್ನೆ ಇರುತ್ತಿತ್ತು.

"ಹ್ವಾಯ್, ಶೀತ ಇತ್ತಾ? ಇದ್ರೆ ಅಲ್ಲೇ ನಿಲ್ಲ್, ಹತ್ರ ಬರ್ಬೇಡ."

ಮೊದಮೊದಲು ಊರವರಿಗೆ ಉರಿಯುತ್ತಿತ್ತು. ನನಗೂ. ಹೊಲಿಯುವುದು ರವಿಕೆ, ದೌಲತ್ತು ನೋಡು ಎಂದುಕೊಂಡಿದ್ದೆ. ಕಾಯಿಲೆಯ ಸಂಗತಿ ತಿಳಿದ ಮೇಲೆ ಆ ಉರಿ ತಣಿಯಿತು. ಗೊಣಗುತ್ತ ಬದುಕಿದವಳಲ್ಲ ಅವಳು. ಬಿಸಿಲು ಆಗದೆಂದು ಹೊತ್ತು ಇಳಿದ ಮೇಲೆ ಗದ್ದೆಯಂಚಿನಲ್ಲಿ ತಿರುಗಾಡುತ್ತಿದ್ದಳು. ಮೀನು ವ್ಯಾಪಾರ ಮಾಡುವ ತನ್ನ ಅಣ್ಣನನ್ನೂ ಬಾವಿಕಟ್ಟೆಯಲ್ಲಿ ಸೋಪು ಹಾಕಿ ಮೀಯದೆ ಒಳಗೆ ಬಿಡುತ್ತಿರಲಿಲ್ಲ. ಅವನು ತಂದ ಬಂಗಡೆಯ ಸಾರನ್ನು ಮಾತ್ರ ಬಿಸಿಬಿಸಿಯಾಗಿ ಚಪ್ಪರಿಸಿ ಉಣ್ಣುತ್ತಿದ್ದಳು.

ಜನ ಸೇರುವಲ್ಲಿಗೆ ಹೋಗುವಂತಿರಲಿಲ್ಲ. ಮದುವೆಗಿಲ್ಲ, ಸಾವಿಗಿಲ್ಲ. ಅದೊಂದೇ ಅವಳನ್ನು ಒಳಗೊಳಗೆ ತಿನ್ನುತ್ತಿದ್ದದ್ದು. ಮಗು ಹುಟ್ಟಿದ ಮನೆಗೆ ಹಳೇ ಸೀರೆಯ ಮೆತ್ತನೆ ಅಂಗಿ ಹೊಲಿದು ಕಳಿಸುತ್ತಿದ್ದಳು. ಸಾವಿನ ಮನೆಗೆ ಏನನ್ನು ಕಳಿಸುವುದು? ಅಂದು ಮಿಷನ್ನು ತುಳಿಯುತ್ತಿರಲಿಲ್ಲ, ಅಷ್ಟೇ.

"ನಾನ್ ಯಾರ್ ಮನಿಗೂ ಹೋಯ್ಲಿಲ್ಲ. ನಾಳೆ ನಾನ್ ಸತ್ರೆ ನಮ್ಮನಿಗೆ ಯಾರ್ ಬತ್ರ್ ಹೇಳ್?" ಎಂದು ಒಮ್ಮೆ ಕೇಳಿದಳು. ನಗುತ್ತಲೇ ಕೇಳಿದ್ದು. ಹೋಗಿ ಬಂದು ಮಾಡಿದವರ ಮನೆಗೇ ಜನ ಬರುವುದು ನಮ್ಮ ಕಡೆಯ ರೂಢಿ...

ಒಂದು ಮಳೆಗಾಲದ ಕೊನೆಗೆ ಅವಳಿಗೆ ಜ್ವರ ಬಂತು. ನಾವಾದರೆ ಗಂಜಿ ಕುಡಿದು ಮಲಗಿ ಎದ್ದುಬಿಡುತ್ತಿದ್ದೆವು. ಅವಳು ಏಳಲಿಲ್ಲ.

ಜಗಲಿಯಲ್ಲಿ ಮಲಗಿಸಿದ್ದರು. ಅಂಗಳ ತುಂಬಿ ಜನ ರಸ್ತೆಯವರೆಗೂ ನಿಂತಿದ್ದರು. ದೂರದ ಕೋಟ ಊರಿನಿಂದ ಬಸ್ಸು ಹಿಡಿದು ಬಂದವರೂ ಇದ್ದರು. ಇದನ್ನು ಅವಳು ನೋಡಬೇಕಿತ್ತು ಎನಿಸಿ ನಾನು ಗಳಗಳನೆ ಅತ್ತೆ. ಎದುರುಮನೆಯ ಅಜ್ಜಿ ಮಾತ್ರ ಸೆರಗಿನಿಂದ ಮೂಗು, ಬಾಯಿ ಮುಚ್ಚಿಕೊಂಡು ಗೇಟಿನ ಹೊರಗೆ ಒಬ್ಬರೇ ನಿಂತಿದ್ದರು. ಒಳಗೆ ಕರೆದೆ. ಬೇಡವೆಂದು ತಲೆಯಾಡಿಸಿದರು.

"ನಂಗೆ ಶೀತ ಇತ್ ಹೆಣ್ಣೆ. ಹತ್ರ ಬತ್ತಿಲ್ಲೆ."

ಇಸ್ತ್ರಿ ಹಾಕಿದ ರವಿಕೆಯನ್ನು ಮೊನ್ನೆಯೇ ಕುಂದಾಪುರದ ಟೈಲರಿಗೆ ಅಳತೆಗೆಂದು ಕೊಟ್ಟು ಬಂದೆ. ಕೊಡುವಾಗ ಅವನ ಎದುರಿಗೇ ಸೀನಿದೆ. ಅವನು ತಲೆಯೆತ್ತಲೂ ಇಲ್ಲ. ದೂರ ನಿಲ್ಲು ಅನ್ನುವವರು ಇನ್ನು ಯಾರೂ ಇಲ್ಲವಲ್ಲ ಎಂದು ಕಣ್ಣು ತುಂಬಿತು.