ಅತ್ತೆಯ ಬಾಯಿಯ ಹೆಪ್ಪು

ಈ ದಿನ ಬೈಲಹೊಂಗಲದ ಹಲ್ಲಿನ ದವಾಖಾನೆಯ ಬಾಗಿಲು ತೆರೆದೊಡನೆ ಲವಂಗದ ಎಣ್ಣೆಯ ವಾಸನೆ ಮೂಗಿಗೆ ಬಡಿಯಿತು. ನಿಮಗೂ ಪರಿಚಯವಿರಬೇಕು ಆ ವಾಸನೆ. ನೋವಿಲ್ಲದವರ ನಾಲಗೆಯೂ ತಾನಾಗಿ ಹೋಗಿ ಹಲ್ಲುಗಳನ್ನು ತಡವತೊಡಗುತ್ತದೆ. ನನ್ನ ಹನ್ನೆರಡು ವರ್ಷದ ಮಗಳು ನೀಲಾ ಬಾಯಿ ತೆರೆದಳು. ಡಾಕ್ಟರಮ್ಮ ನೋಡಿ, "ಒಂದೂ ಹುಳುಕಿಲ್ರಿ, ಮುತ್ತಿನಂಗ ಅದಾವ" ಎಂದರು. ಅದೇ ಡಾಕ್ಟರು, ಅದೇ ಕುರ್ಚಿ. ಒಂಬತ್ತು ವರ್ಷದ ಹಿಂದೆ ಇಲ್ಲಿ ಕೂತಾಗ ಇವಳ ಮುಂದಿನ ನಾಲ್ಕು ಹಾಲುಹಲ್ಲು ಕರ್ರಗೆ ಮೊಟಕಾಗಿದ್ದವು. ಆ ದಿನ ನಮ್ಮ ಜೊತೆಗೆ ನನ್ನ ಅತ್ತೆಯೂ ಬಂದಿದ್ದರು.

ಮುನವಳ್ಳಿಯ ನಮ್ಮ ಮನೆಯಲ್ಲಿ ಅತ್ತೆಯ ಎಂಜಲು-ಮುಸುರೆಯ ಕಟ್ಟುನಿಟ್ಟು ಹೇಳತೀರದು. ಲೋಟ ತುಟಿಗೆ ತಾಗಿದರೆ ಮೂರು ಸಲ ತೊಳೆಸುತ್ತಿದ್ದರು. ಮದುವೆಯಾದ ಹೊಸತರಲ್ಲಿ ಎತ್ತಿ ಕುಡಿಯಲು ಬಾರದೆ ನಾನು ಎಷ್ಟು ಸೀರೆಯ ಸೆರಗು ತೋಯಿಸಿಕೊಂಡೆನೋ. ಅಂಥವರು, ಮೊಮ್ಮಗಳು ಎದುರು ಬಂದಳೆಂದರೆ ಶೇಂಗಾ-ಬೆಲ್ಲ ಬಾಯಿಗೆ ಹಾಕಿಕೊಂಡು, ನುಣ್ಣಗೆ ಅಗಿದು, ಬೆರಳಿಂದ ತೆಗೆದು ಅವಳ ಬಾಯಿಗಿಡುತ್ತಿದ್ದರು. "ಕೂಸಿಗೆಲ್ಲಿ ಎಂಜಲಽ?" ಎನ್ನುತ್ತಿದ್ದರು. ತಮ್ಮ ಮಕ್ಕಳನ್ನೂ ಹಾಗೆಯೇ ಬೆಳೆಸಿದವರು. ಬೇಕಾದರೆ ನನ್ನ ಗಂಡನ ದವಡೆ ನೋಡಿ, ಅಲ್ಲಿ ಹಲ್ಲಿಗಿಂತ ಹುಳುಕಿಗೆ ತುಂಬಿಸಿದ ಬೆಳ್ಳಿಯೇ ಹೆಚ್ಚು.

ನಾನು ಹೈಸ್ಕೂಲಿನಲ್ಲಿ ವಿಜ್ಞಾನ ಕಲಿಸುವವಳು. ದೊಡ್ಡವರ ಎಂಜಲಿನಿಂದ ಮಗುವಿನ ಬಾಯಿಗೆ ಸೂಕ್ಷ್ಮಾಣುಗಳು ಹೋಗುತ್ತವೆಂದು ನನಗೆ ಗೊತ್ತಿತ್ತು. ಹೇಳಲಿಲ್ಲ. ಓಣಿಯಲ್ಲಿ ಒಳ್ಳೆಯ ಸೊಸೆ ಎಂಬ ಹೆಸರಿತ್ತು. ಮಾತು ಬೆಳ್ಳಿ, ಮೌನ ಬಂಗಾರ ಅನ್ನುತ್ತಾರಲ್ಲ, ಆಗ ನಾನು ಬಂಗಾರ ಕೂಡಿಡುತ್ತ ಹೋದೆ.

ಅಂದು ಡಾಕ್ಟರು "ಹುಳುಕು" ಎಂದಾಗ ಅತ್ತೆ ಬಗ್ಗಿ ಮಗುವಿನ ಬಾಯಿಯೊಳಗೆ ಇಣುಕಿ, "ಹುಳ ಎಲ್ಲಿ ಐತ್ರಿ? ತೋರಸ್ರಿ" ಎಂದರು.

ಡಾಕ್ಟರು ನಕ್ಕರು. "ಕಣ್ಣಿಗೆ ಕಾಣೂ ಹುಳ ಅಲ್ರಿ ಅಜ್ಜಿ. ಭಾಳ ಸಣ್ಣ ಜೀವ. ಹುಟ್ಟಿದ ಕೂಸಿನ ಬಾಯಾಗ ಇರೂದಿಲ್ಲ, ದೊಡ್ಡವರ ಎಂಜಲದಾಗಿಂದ ಹೋಗತಾವ. ಬೆಲ್ಲ ಸಿಕ್ಕರ ತಿಂದು ಹುಳಿ ಬಿಡತಾವ. ಆ ಹುಳಿ ಹಲ್ಲ ಕರಗಸ್ತದ. ದಿನಕ್ಕ ಹತ್ತ ಸಲ ಬೆಲ್ಲ ಬಿದ್ದರ ಹಲ್ಲಿಗೆ ಸುಧಾರಿಸ್ಕೊಳ್ಳಾಕ ಪುರಸೊತ್ತಽ ಇಲ್ಲ."

ವಾಪಸು ಬರುವಾಗ ಬಸ್ಸಿನಲ್ಲಿ, ಅರ್ಧ ದಾರಿಯಲ್ಲಿ, ಅತ್ತೆ ತಟ್ಟನೆ ನನ್ನ ಕಡೆ ತಿರುಗಿದರು. "ಅಂದ್ರ ಇದು ಹೆಪ್ಪ ಹಾಕಿದಂಗ ಆತಲ್ಲವಾ. ನನ್ನ ಬಾಯಾಗಿನ ಹೆಪ್ಪ ಕೂಸಿನ ಬಾಯಾಗ ಬಿತ್ತು. ಬೆಲ್ಲ ಅಂದ್ರ ಹಾಲಿದ್ದಂಗ. ಹುಳಿ ಆಗಾಕ ಮತ್ತೇನ ಬೇಕು?"

ಒಂದು ಚಮಚ ಮೊಸರು ಚರಿಗೆ ತುಂಬ ಹಾಲನ್ನು ಹುಳಿಯಾಗಿಸುವ ಪಾಠವನ್ನು ನಾನು ವರ್ಷವರ್ಷವೂ ಮಾಡಿದವಳು. ಅದೇ ಪಾಠ ಬಾಯಿಯೊಳಗೂ ನಡೆಯುತ್ತದೆಂದು ನನಗೆಂದೂ ಹೊಳೆದಿರಲಿಲ್ಲ. ಸಾಲೆಯ ಮೆಟ್ಟಿಲು ಹತ್ತದ ಅತ್ತೆ ಬಸ್ಸಿಳಿಯುವ ಮೊದಲೇ ತಿಳಿದುಕೊಂಡಿದ್ದರು.

ಆಮೇಲೆ ಅವರು ಮಾಡಿದ್ದು ಇನ್ನೂ ದೊಡ್ಡದು. ಮರುದಿನ ನೀಲಾ ಎಂದಿನಂತೆ ಬಾಯಿ ತೆರೆದುಕೊಂಡು ಬಂದಾಗ ಅತ್ತೆ ಸೆರಗಿನಿಂದ ತಮ್ಮ ಬಾಯಿ ಮುಚ್ಚಿಕೊಂಡರು. ಬೆಲ್ಲ ಬಿಟ್ಟು, ಬರೀ ಶೇಂಗಾ ಕುಟ್ಟಿ ಪುಡಿ ಮಾಡಿ ಕೊಟ್ಟರು. ಮಗು ಉಗುಳಿತು, ಅತ್ತಿತು, ವಾರವಿಡೀ ಅಜ್ಜಿಯ ತೊಡೆ ಏರಲಿಲ್ಲ. ಅತ್ತೆ ಹಿತ್ತಲಲ್ಲಿ ಕೂತು ಕಣ್ಣೊರೆಸಿಕೊಂಡದ್ದನ್ನು ನಾನು ನೋಡಿದ್ದೇನೆ. ಆದರೂ ಸೋಲಲಿಲ್ಲ. ಓಣಿಯಲ್ಲಿ ಕೂಸು ಎತ್ತಿಕೊಂಡ ಹೆಂಗಸರನ್ನು ಕರೆಕರೆದು, "ನಾನಽ ಕೆಡಿಸೇನಿ ನನ್ನ ಮೊಮ್ಮಗಳ ಹಲ್ಲ. ನೀವು ಕೆಡಸಬ್ಯಾಡ್ರಿ" ಎಂದು ಹೇಳಿದರು. ಅರವತ್ತು ದಾಟಿದ ಮೇಲೆ ತನ್ನ ತಪ್ಪನ್ನು ತಾನೇ ಸಾರುವ ಆ ಎದೆಗಾರಿಕೆಗೆ ನಾನು ಇಂದಿಗೂ ತಲೆಬಾಗುತ್ತೇನೆ.

ಇಂದು ಮನೆಗೆ ಬಂದು ನೀಲಾಳ ಹಲ್ಲಿನ ಸುದ್ದಿ ಹೇಳಿದೆ. ಕಟ್ಟೆಯ ಮೇಲೆ ಕೂತಿದ್ದ ಅತ್ತೆ ಮುಖತುಂಬ ನಕ್ಕರು. ಆ ನಗು ನೋಡಿ ನನಗೆ ತಡೆಯಲಾಗಲಿಲ್ಲ.

"ಅತ್ತಿ, ಎಂಜಲದಿಂದ ಹೋಗತಾವಂತ ನನಗ ಮೊದಲಽ ಗೊತ್ತಿತ್ರಿ. ನಿಮಗ ಬ್ಯಾಸರಾದೀತಂತ ಹೇಳಲಿಲ್ಲ."

ಅವರ ನಗು ನಿಂತಿತು.

"ನನ್ನ ಮನಸ ನೋಯಬಾರದಂತ ಕೂಸಿನ ಹಲ್ಲ ನೋಯಾಕ ಬಿಟ್ಟಿ ಏನವಾ?"

ಆಮೇಲೆ ಅತ್ತೆ ಪಕ್ಕಕ್ಕೆ ಸರಿದು ಜಾಗ ಮಾಡಿದರು. "ಬಾ, ಕುಂಡ್ರು. ನನ್ನ ಬಾಯಿ ನೋಡು. ಏನರ ಇದ್ರ ಮುಚ್ಚಿಡಬ್ಯಾಡ."

ಬಾಯಿ ತೆರೆದು ಬಿಸಿಲಿಗೆ ಮುಖವೊಡ್ಡಿದರು. ನಾನು ಬಗ್ಗಿ ನೋಡಿದೆ.

"ಎಡಗಡೆ ದವಡಿಹಲ್ಲ ಹುಳುಕಾಗೇತ್ರಿ ಅತ್ತಿ" ಎಂದೆ. "ನಾಳೆ ಹೋಗೂಣು."