ಮೇಸ್ತ್ರಿ ಇಲ್ಲದ ಫೋಟೋ

ದೇವನೂರಿನ ನಮ್ಮ ಹಿತ್ತಲಲ್ಲಿ ಗೋಬರ್ ಗ್ಯಾಸ್ ಗುಂಡಿ ಕಟ್ಟಿದ ಮೇಸ್ತ್ರಿ ಮೂಗೂರಿನವರು. ಬಂದಾಗಲೆಲ್ಲ ಗುಂಡಿಯ ಗುಮ್ಮಟಕ್ಕೆ ಕಿವಿಯಿಟ್ಟು ಕೇಳಿ, ಸಗಣಿ ಬಗ್ಗಡವನ್ನು ಬೆರಳಿಗೆ ಹಚ್ಚಿಕೊಂಡು ಮೂಸುತ್ತಿದ್ದರು. ಸಗಣಿ ತಿಂದು ಗ್ಯಾಸ್ ಬಿಡುವ, ಕಣ್ಣಿಗೆ ಕಾಣದ ಜೀವಿಗಳ ಬಗ್ಗೆ ಅವರದು ಒಂದೇ ಮಾತು: "ಅವುಕ್ಕೆ ಗಾಳಿ ಬ್ಯಾಡ, ಕೂಳು ಬೇಕು ಕಣವ್ವಾ."

ದೊಡ್ಡ ಸಾಹೇಬರು ಗುಂಡಿ ನೋಡಲು ಬರುತ್ತಾರೆ, ನಾತ ಇರಕೂಡದು ಎಂದು ಗುಂಡಿಗೆ ಸರ್ಕಾರದ ಹಣ ಕೊಟ್ಟ ಆಫೀಸಿನವರು ಹೇಳಿ ಕಳಿಸಿದರು. ನಾನು ಪೆದ್ದಿ, ವಾರವಿಡೀ ಗುಂಡಿಗೆ ಫಿನಾಯಿಲ್ ಸುರಿದೆ. ಸಾಹೇಬರು ಬಂದ ದಿನ ಒಲೆ ಹತ್ತಲೇ ಇಲ್ಲ.

"ಒಲೆಗೆ ಸಿಲಿಂಡರ್ ಪೈಪ್ ಸಿಕ್ಕಿಸಿ, ಫೋಟೋ ಆದರೆ ಸಾಕು" ಎಂದರು ಸಾಹೇಬರು.

ಫೋಟೋಗೆಂದು ಕರೆಸಿದ್ದ ಮೇಸ್ತ್ರಿ ಬಗ್ಗಡ ಮೂಸಿದರು. ಮುಖ ಕೆಂಪಾಯಿತು. ಸಿಕ್ಕಿಸಿದ ಪೈಪನ್ನು ಕಿತ್ತು ಅಂಗಳಕ್ಕೆ ಎಸೆದರು. "ಒಳಗಿರೋವೆಲ್ಲ ಸತ್ತೋಗವೆ ಸಾ! ಸಾವಿನ ಮನೇಲಿ ಹಲ್ಲು ಕಿರ್ಕೊಂಡು ಫೋಟೋ ತೆಗುಸ್ಕೊಂಡಾರಾ?" ನನ್ನತ್ತ ತಿರುಗಿದರು. "ನಿನ್ ಮಗೀಗೂ ಫಿನಾಯಿಲ್ಲೇ ಕುಡುಸ್ತೀಯಾ?"

ಸೈಕಲ್ ಹತ್ತಿ ಹೊರಟೇಹೋದರು. ಫೋಟೋ ಮಾತ್ರ ನಿಲ್ಲಲಿಲ್ಲ. ಅದೀಗ ಆಫೀಸಿನ ಗೋಡೆಯ ಮೇಲಿದೆ, ಕಂಡಾಗಲೆಲ್ಲ ಮೈ ಉರಿಯುತ್ತದೆ. ಸಿಲಿಂಡರಿನ ನೀಲಿ ಉರಿಯ ಮುಂದೆ, ಸಾಹೇಬರ ಪಕ್ಕದಲ್ಲಿ, ಹಲ್ಲು ಕಿರಿದು ನಿಂತಿರುವವಳು ನಾನೇ.