ಸೈಕಲ್ ಶಾಪಿನ ಕಬಡ್ಡಿ ಪಂಡಿತ

ತೀರ್ಥಹಳ್ಳಿಯಲ್ಲಿ ಕಾಲೇಜು ಮೈದಾನದ ಎದುರಿಗೆ ಸೈಕಲ್ ಶಾಪ್ ಇಟ್ಟಿದ್ದ ಮುಕುಂದಯ್ಯ ಪಂಕ್ಚರ್ ಹಾಕುವುದಕ್ಕಿಂತ ಆಟದ ತಂಡಗಳಲ್ಲಿ ತೂತು ಹುಡುಕುವುದರಲ್ಲಿ ನಿಪುಣ. ಟ್ಯೂಬನ್ನು ನೀರಿನ ಬೋಗುಣಿಯಲ್ಲಿ ಅದ್ದಿ, ಗುಳ್ಳೆ ಎದ್ದ ಜಾಗಕ್ಕೆ ಬೆರಳೊತ್ತಿ ಮಾತು ಶುರು ಮಾಡಿದರೆ ಗಿರಾಕಿ ತಪ್ಪಿಸಿಕೊಳ್ಳುವಂತಿರಲಿಲ್ಲ. ಚಕ್ರ ಅವನ ವಶದಲ್ಲಿರುತ್ತಿತ್ತು. ರಣಜಿಯಲ್ಲಿ ಕರ್ನಾಟಕ ಗೆದ್ದರೆ ಎದುರಾಳಿಗಳು ಸೋಮಾರಿಗಳು, ಸೋತರೆ ತಂಡ ಆರಿಸಿದವರಿಗೆ ಕಣ್ಣಿಲ್ಲ. ಸಾಗರದವರು ವಾಲಿಬಾಲಿನಲ್ಲಿ ಗೆದ್ದದ್ದಕ್ಕೆ ಅವನು ಕೊಟ್ಟ ಕಾರಣ, ಅಲ್ಲಿನ ನೆಟ್ಟು ಗಿಡ್ಡ. ನಮ್ಮ ಕಾಲೇಜಿನ ಕಬಡ್ಡಿ ತಂಡವನ್ನಂತೂ ದಿನವೂ ಬೈಯುತ್ತಿದ್ದ. "ಆ ಶೇಷಪ್ಪ ರೈಡಿಗೆ ಹೋಗ್ತಾನಾ, ನೆಂಟರ ಮನೆಗೆ ಹೋಗ್ತಾನಾ? ಕೂತ್ಕೊಂಡು ಕಾಫಿ ಕುಡ್ದೇ ಬರೋ ಹಂಗೆ ಕಾಣ್ತಾನೆ ಮಾರಾಯ್ರೆ!" ಎಪ್ಪತ್ತೆಂಟನೇ ಇಸವಿಯಲ್ಲಿ ವ್ಯಾಯಾಮದ ಮೇಷ್ಟರು ಈ ಮಾತನ್ನೇ ನಂಬಿ ಶೇಷಪ್ಪನನ್ನು ತಂಡದಿಂದ ತೆಗೆದರು. ತಂಡದ ಹುಡುಗರಿಗೆ ಹಾಸ್ಟೆಲಿನಲ್ಲಿ ಊಟ ಪುಕ್ಕಟೆ. ಅದು ತಪ್ಪಿದರೆ ಅವನು ಓದು ಬಿಟ್ಟು ತನ್ನ ಹಳ್ಳಿ ಅರಳಸುರಳಿಗೆ ಮರಳಬೇಕಿತ್ತು. ವಿಷಯ ತಿಳಿದ ಮುಕುಂದಯ್ಯ ಗ್ರೀಸು ಮೆತ್ತಿದ ಕೈಯಲ್ಲೇ ನಮ್ಮ ಸ್ಟಾಫ್ ರೂಮಿಗೆ ಬಂದ. "ನನ್ನ ಮಾತು ಕೇಳಿ ಟೀಮ್ ಮಾಡ್ತೀರಾ ಸಾರ್? ಇಷ್ಟು ವರ್ಷದಲ್ಲಿ ನಾನು ಹೇಳಿದ್ದು ಒಂದಾದ್ರೂ ಸರಿಯಾಗಿದ್ಯಾ?" ಎಂದು ಕೇಳಿ, ಸುಳ್ಳಾದ ತನ್ನ ತೀರ್ಪುಗಳನ್ನೆಲ್ಲ ಇಸವಿ ಸಮೇತ, ಅಷ್ಟೂ ಅಧ್ಯಾಪಕರ ಎದುರಿಗೆ ಒಂದೊಂದಾಗಿ ಹೇಳತೊಡಗಿದ. ಎಪ್ಪತ್ತೆರಡನೇ ಇಸವಿಗೆ ಬರುವಷ್ಟರಲ್ಲಿ ಮೇಷ್ಟರು ಸೋತು, ಶೇಷಪ್ಪನ ಹೆಸರನ್ನು ಮತ್ತೆ ತಂಡಕ್ಕೆ ಬರೆದರು. ಮುಕುಂದಯ್ಯ ಮಾತ್ರ ನಿಲ್ಲಿಸಲಿಲ್ಲ. ಇನ್ನೂ ಆರು ವರ್ಷದ ತಪ್ಪುಗಳನ್ನು ಒಪ್ಪಿಕೊಂಡು, ಕೊನೆಯದಕ್ಕೆ ಶೇಷಪ್ಪನ ಹೆಸರು ಹೇಳಿಯೇ ಮೆಟ್ಟಿಲಿಳಿದ.